ಬೆಂಗಳೂರೋ, ದಾವಣಗೆರೆಯೋ, ಎರಡರ ನಡುವಿನ ಓಡಾಟವೋ: ಮನೆ ಮಾಡುವ ಮೊದಲು ಹಾಕಬೇಕಾದ ಲೆಕ್ಕ

ಪ್ರತಿ ವರ್ಷ ಮುಂಗಾರು ಹಿಡಿಯುವ ಹೊತ್ತಿಗೆ ಪರೀಕ್ಷೆಗಳ ಫಲಿತಾಂಶ ಬಂದು, ಕೆಲಸದ ಪತ್ರಗಳು ಒಂದೊಂದಾಗಿ ಕೈಸೇರತೊಡಗುತ್ತವೆ. ಆಗ ದಾವಣಗೆರೆಯ ನಮ್ಮ ಬೀದಿಯಲ್ಲಿ ಯಾರಾದರೊಬ್ಬರ ಮನೆಯಲ್ಲಿ ಬೆಂಗಳೂರಿಗೆ ಹೋಗುವುದೋ ಇಲ್ಲಿಯೇ ಇರುವುದೋ ಎಂಬ ಚರ್ಚೆ ನಡೆದೇ ನಡೆಯುತ್ತದೆ. ಆ ಚರ್ಚೆ ಬಗೆಹರಿಯದಿದ್ದಾಗ ಕೆಲವರು ನಮ್ಮ ಮನೆಗೂ ಬರುತ್ತಾರೆ. ನಾನು ಬೆಂಗಳೂರಿನ ಒಂದು ಆಡಿಟರ್ ಕಚೇರಿಯಲ್ಲಿ 11 ವರ್ಷ ದುಡಿದು, 2019ರಲ್ಲಿ ಗಂಡ ಮತ್ತು ಮಗಳೊಂದಿಗೆ ಊರಿಗೆ ಮರಳಿದವಳು. ನನ್ನ ತಂಗಿ ಅಲ್ಲಿಯೇ ಉಳಿದು ನಾಗರಬಾವಿಯಲ್ಲಿ ಮನೆ ಮಾಡಿದವಳು. ನಮ್ಮ ಭಾವನವರು ಹೆಂಡತಿ ಮಕ್ಕಳನ್ನು ಇಲ್ಲಿ ಬಿಟ್ಟು, ವಾರಕ್ಕೊಮ್ಮೆ ಓಡಾಡುತ್ತ ನಾಲ್ಕು ವರ್ಷ ಕಳೆದವರು. ಮೂರು ಬಗೆಯ ಬದುಕೂ ಒಂದೇ ಮನೆತನದಲ್ಲಿ ನಡೆದಿರುವುದರಿಂದ, ಕೇಳಿದವರಿಗೆ ಅಭಿಪ್ರಾಯವನ್ನಷ್ಟೇ ಅಲ್ಲ, ಒಂದಿಷ್ಟು ಅಂಕಿಗಳನ್ನೂ ಮುಂದಿಡಲು ನನಗೆ ಸಾಧ್ಯವಾಗುತ್ತದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

‘ದೊಡ್ಡ ನಗರ’ ಎಂಬ ಮಾತಿಗೆ ಎಲ್ಲರಿಗೂ ಒಂದೇ ಅರ್ಥವಿಲ್ಲ. 2011ರ ಜನಗಣತಿಯಂತೆ ಬೆಂಗಳೂರಿನಲ್ಲಿ ಸುಮಾರು 84 ಲಕ್ಷ, ದಾವಣಗೆರೆಯಲ್ಲಿ ಸುಮಾರು 4.35 ಲಕ್ಷ, ಚಿತ್ರದುರ್ಗದಲ್ಲಿ ಸುಮಾರು ಒಂದೂವರೆ ಲಕ್ಷ ಜನರಿದ್ದರು. ಜಗಳೂರಿನ ಹಳ್ಳಿಯಿಂದ ಬಂದು ಇಲ್ಲಿ ಹಾಸ್ಟೆಲ್ ಸೇರಿದ ಹುಡುಗನಿಗೆ ದಾವಣಗೆರೆಯೇ ದೊಡ್ಡ ನಗರ. ಅವನು ಜನಜಂಗುಳಿಯನ್ನೂ ಬಾಡಿಗೆಯನ್ನೂ ಒಮ್ಮೆ ಕಂಡವನೇ ಆಗಿರುತ್ತಾನೆ. ಇಲ್ಲಿಯ ಪಿ.ಜೆ. ಬಡಾವಣೆಯಲ್ಲಿ ಅಜ್ಜನ ಮನೆಯಲ್ಲೇ ಹುಟ್ಟಿ ಬೆಳೆದವನಿಗೆ ಮಾತ್ರ ಬೆಂಗಳೂರು ಒಮ್ಮೆಲೇ ಎದುರಾಗುತ್ತದೆ. ಬೆಂಗಳೂರಿನಲ್ಲಿ ಮೊದಲ ವರ್ಷ ಸೋತು ಊರಿಗೆ ಬಂದವರಲ್ಲಿ ಹಳ್ಳಿಯ ಮಕ್ಕಳಿಗಿಂತ ಪೇಟೆಯ ಮಕ್ಕಳನ್ನೇ ನಾನು ಹೆಚ್ಚು ಕಂಡಿದ್ದೇನೆ.

ಸಂಬಳ, ಬಾಡಿಗೆ ಮತ್ತು ಗಂಟೆಗೆ ಉಳಿಯುವ ಹಣ

ಎಲ್ಲರೂ ಹಾಕುವ ಲೆಕ್ಕ ಒಂದೇ: ಸಂಬಳದಲ್ಲಿ ಬಾಡಿಗೆ ಕಳೆದರೆ ಎಷ್ಟು ಉಳಿಯುತ್ತದೆ ಎನ್ನುವುದು. ಈ ಲೆಕ್ಕ ತಪ್ಪಲ್ಲ, ಆದರೆ ಅರ್ಧಕ್ಕೆ ನಿಂತದ್ದು. ನಾನು ಊರಿಗೆ ಮರಳುವ ವರ್ಷದ ನನ್ನದೇ ಅಂಕಿಗಳನ್ನು ಕೊಡುತ್ತೇನೆ. ಇಂದಿನ ದರಗಳು ಬೇರೆಯಾಗಿದ್ದರೂ ಲೆಕ್ಕ ಹಾಕುವ ದಾರಿ ಅದೇ ಇರುತ್ತದೆ.

ಬಸವೇಶ್ವರನಗರದಲ್ಲಿ ಎರಡು ಕೋಣೆಗಳ ಮಹಡಿ ಮನೆಗೆ ನಾವು ತಿಂಗಳಿಗೆ 14,000 ರೂಪಾಯಿ ಕೊಡುತ್ತಿದ್ದೆವು. ಹತ್ತು ತಿಂಗಳ ಬಾಡಿಗೆ, ಎಂದರೆ 1,40,000 ರೂಪಾಯಿ, ಅಡ್ವಾನ್ಸ್ ಆಗಿ ಮನೆ ಮಾಲೀಕರ ಬಳಿ ಇತ್ತು. ಅಡ್ವಾನ್ಸ್ ಹೇಗಿದ್ದರೂ ಮರಳಿ ಬರುವ ಹಣವೆಂದು ಜನ ಅದನ್ನು ಖರ್ಚಿನಲ್ಲಿ ಸೇರಿಸುವುದಿಲ್ಲ. ಆದರೆ ಆ ಹಣವನ್ನು ಬ್ಯಾಂಕಿನಲ್ಲಿ ಶೇ. 7ರ ಠೇವಣಿಯಾಗಿ ಇಟ್ಟಿದ್ದರೆ ತಿಂಗಳಿಗೆ 800 ರೂಪಾಯಿಯಷ್ಟು ಬಡ್ಡಿ ಬರುತ್ತಿತ್ತು. ಆದ್ದರಿಂದ ನಿಜವಾದ ಬಾಡಿಗೆ 14,800 ಎಂದೇ ಹಿಡಿಯಬೇಕು. ಮನೆ ಬಿಡುವಾಗ ಸುಣ್ಣ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆಯನ್ನು ಅದರಲ್ಲಿಯೇ ಮುರಿದುಕೊಳ್ಳುವ ವಾಡಿಕೆ ಬೇರೆ. ದಾವಣಗೆರೆಯ ಎಂ.ಸಿ.ಸಿ. ‘ಬಿ’ ಬ್ಲಾಕಿನಲ್ಲಿ ಅಷ್ಟೇ ದೊಡ್ಡ ಮನೆ, ಮೇಲಾಗಿ ಮುಂದೆ ಒಂದು ತೆಂಗಿನ ಮರವಿದ್ದದ್ದು, ನಮಗೆ 7,000ಕ್ಕೆ ದೊರೆಯಿತು.

ಬೆಂಗಳೂರಿನಲ್ಲಿ ನನ್ನ ಸಂಬಳ 35,000. ಇಲ್ಲಿ ವ್ಯಾಪಾರಿಗಳ ಲೆಕ್ಕಪತ್ರ ಬರೆದು ನಾನು ಗಳಿಸತೊಡಗಿದ್ದು 22,000. ಬಾಡಿಗೆ ಕಳೆದರೆ ಅಲ್ಲಿ 20,200, ಇಲ್ಲಿ 15,000 ಉಳಿಯುತ್ತದೆ. ಎಲ್ಲರೂ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸಿ ಬೆಂಗಳೂರು ಮೇಲೆಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಬಸವೇಶ್ವರನಗರದಿಂದ ಜಯನಗರದ ಕಚೇರಿಗೆ ಹೋಗಿ ಬರಲು ನನಗೆ ದಿನಕ್ಕೆ ಎರಡೂವರೆ ಗಂಟೆ ಬೇಕಾಗುತ್ತಿತ್ತು. ತಿಂಗಳಿಗೆ 25 ದಿನವೆಂದರೆ 62 ಗಂಟೆಗಿಂತ ಹೆಚ್ಚು. ಎಂಟು ಗಂಟೆಯ ದಿನದ ಲೆಕ್ಕದಲ್ಲಿ ಸುಮಾರು ಎಂಟು ದಿನದ ಸಂಬಳವಿಲ್ಲದ ಕೆಲಸ. ಕಚೇರಿಯ 200 ಗಂಟೆಗೆ ಈ ದಾರಿಯ ಗಂಟೆಗಳನ್ನೂ ಕೂಡಿಸಿ ಭಾಗಿಸಿದರೆ ಬೆಂಗಳೂರಿನಲ್ಲಿ ನನಗೆ ಗಂಟೆಗೆ ಉಳಿಯುತ್ತಿದ್ದುದು ಸುಮಾರು 77 ರೂಪಾಯಿ. ದಾವಣಗೆರೆಯಲ್ಲಿ ದಿನಕ್ಕೆ ಅರ್ಧ ಗಂಟೆಯ ಓಡಾಟ ಸೇರಿಸಿ ಅದೇ ರೀತಿ ಭಾಗಿಸಿದರೆ ಸುಮಾರು 71 ರೂಪಾಯಿ. ತಿಂಗಳ ಕೊನೆಗೆ 5,000 ರೂಪಾಯಿಯಷ್ಟು ದೊಡ್ಡದಾಗಿ ಕಂಡ ಅಂತರ ಗಂಟೆಯ ಲೆಕ್ಕದಲ್ಲಿ ಆರು ರೂಪಾಯಿಗೆ ಇಳಿಯುತ್ತದೆ.

ಆದರೂ ಬೆಂಗಳೂರೇ ಆರು ರೂಪಾಯಿ ಮುಂದೆ ಇತ್ತು ಎನ್ನುವುದನ್ನು ನಾನು ಮುಚ್ಚಿಡುವುದಿಲ್ಲ. ಸಾಫ್ಟ್‌ವೇರ್‌ನಂಥ ಕೆಲಸದಲ್ಲಿ ಆ ಅಂತರ ಆರಕ್ಕೆ ನಿಲ್ಲದೆ ನೂರಾರು ರೂಪಾಯಿಗೆ ಹೋಗುತ್ತದೆ. ಆ ಕಸುಬಿನವರಿಗೆ ಈ ಹೋಲಿಕೆ ಒಗ್ಗುವುದೂ ಇಲ್ಲ. 1951ರಲ್ಲಿ ಆರಂಭವಾದ ಯು.ಬಿ.ಡಿ.ಟಿ. ಕಾಲೇಜು, 1979ರ ಬಾಪೂಜಿ ಇಂಜಿನಿಯರಿಂಗ್ ಕಾಲೇಜು ಸೇರಿ ಈ ಊರು ದಶಕಗಳಿಂದ ಇಂಜಿನಿಯರುಗಳನ್ನು ತಯಾರಿಸುತ್ತಲೇ ಇದೆ, ಅವರಿಗೆ ತಕ್ಕ ಕೆಲಸವನ್ನು ಮಾತ್ರ ಅಷ್ಟಾಗಿ ಕೊಟ್ಟಿಲ್ಲ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರಿನಲ್ಲಿ ಗಿರಣಿಗಳು ಮುಚ್ಚಿದ ಮೇಲೆ, ಸಂಬಳ ಕೊಡುವ ಕೆಲಸಗಳೆಂದರೆ ಹೆಚ್ಚಾಗಿ ಶಿಕ್ಷಣ, ವೈದ್ಯಕೀಯ, ಅಕ್ಕಿ ಗಿರಣಿ, ಮೆಕ್ಕೆಜೋಳ ಮತ್ತು ಅಡಿಕೆಯ ವಹಿವಾಟು, ಬಟ್ಟೆ ಅಂಗಡಿ, ಇವುಗಳ ಸುತ್ತ ಬೆಳೆದ ಲೆಕ್ಕಪತ್ರದ ಕೆಲಸ. ನಿಮ್ಮ ಕಸುಬು ಇವುಗಳಲ್ಲಿ ಒಂದಾಗಿದ್ದರೆ ಆಯ್ಕೆಗೆ ಅವಕಾಶವುಂಟು. ಇಲ್ಲದಿದ್ದರೆ ಬೆಂಗಳೂರಿಗೆ ಹೋಗಬೇಕೇ ಎಂದು ಕೇಳುವುದಕ್ಕಿಂತ ಬೆಂಗಳೂರಿನ ಯಾವ ಮೂಲೆಯಲ್ಲಿ ಮನೆ ಮಾಡಬೇಕೆಂದು ಕೇಳುವುದೇ ಮೇಲು.

ಇನ್ನೊಂದು ವ್ಯತ್ಯಾಸ ಮೊದಲ ದಿನ ಕಣ್ಣಿಗೆ ಬೀಳುವುದಿಲ್ಲ. ಬೆಂಗಳೂರಿನಲ್ಲಿ ಒಂದು ಕೆಲಸ ಹೋದರೆ ಅದೇ ಮೆಟ್ರೊ ಮಾರ್ಗದಲ್ಲಿ ನಾಲ್ಕು ನಿಲ್ದಾಣ ಆಚೆ ಇನ್ನೊಂದು ಕೆಲಸ ಸಿಗಬಹುದು. ದಾವಣಗೆರೆಯಲ್ಲಿ ನಿಮ್ಮ ಕಸುಬಿಗೆ ಸಂಬಳ ಕೊಡಬಲ್ಲವರು ಏಳೆಂಟು ಮಂದಿ ಇರುತ್ತಾರೆ, ಆ ಏಳೆಂಟು ಮಂದಿಯೂ ಒಬ್ಬರನ್ನೊಬ್ಬರು ಬಲ್ಲವರು, ಮದುವೆ ಮನೆಗಳಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವವರು. ಒಬ್ಬರ ಬಳಿ ಮನಸ್ತಾಪ ಮಾಡಿಕೊಂಡು ಬಿಟ್ಟರೆ ಉಳಿದವರ ಬಾಗಿಲೂ ಅರ್ಧ ಮುಚ್ಚಿದಂತೆಯೇ.

ದಾವಣಗೆರೆ ಅಗ್ಗ ಎನ್ನುವವರು ಮರೆಯುವ ಖರ್ಚೂ ಒಂದಿದೆ. ಇಲ್ಲಿ ನೆಂಟರೂ ಪರಿಚಿತರೂ ಹತ್ತಿರವಿರುವುದರಿಂದ ಮದುವೆ, ಗೃಹಪ್ರವೇಶ, ಸೀಮಂತ, ನಾಮಕರಣಗಳಿಗೆ ಹೋಗದೆ ಇರಲಾಗುವುದಿಲ್ಲ, ಹೋದಲ್ಲೆಲ್ಲ ಮುಯ್ಯಿ ಮಾಡಲೇಬೇಕು. ಚನ್ನಗಿರಿ, ಹೊನ್ನಾಳಿ, ಹರಪನಹಳ್ಳಿ ಕಡೆಯ ನೆಂಟರು ಆಸ್ಪತ್ರೆಗೆಂದೋ ಮಕ್ಕಳ ಕಾಲೇಜು ಪ್ರವೇಶಕ್ಕೆಂದೋ ಬಂದಾಗ ನಿಮ್ಮ ಮನೆಯೇ ಅವರಿಗೆ ಛತ್ರ. ನಾವು ಮರಳಿದ ಮೊದಲ ವೈಶಾಖದಲ್ಲಿ ಮುಯ್ಯಿಗೆ ಹೋದ ಹಣವನ್ನು ನಾನು ಬರೆದಿಟ್ಟೆ. ಅದು ಆ ತಿಂಗಳ ಬಾಡಿಗೆಯನ್ನು ಮೀರಿತ್ತು.

ಸಂಜೆ ಆರರಿಂದ ಒಂಬತ್ತು

ಗಂಟೆಗೆ ಆರು ರೂಪಾಯಿಯ ಅಂತರವಾದರೆ ಯಾವುದನ್ನು ಆರಿಸಿಕೊಂಡರೂ ನಡೆದೀತಲ್ಲ ಎಂದು ಕೇಳಬಹುದು. ನನ್ನ ಮಟ್ಟಿಗೆ ತೀರ್ಮಾನ ಮಾಡಿದ್ದು ಹಣವಲ್ಲ, ಕೈಯಲ್ಲಿ ಉಳಿದ ಬಿಡುವಿನ ಗಂಟೆಗಳು ದಿನದ ಯಾವ ಹೊತ್ತಿನಲ್ಲಿ ಸಿಗುತ್ತವೆ ಎನ್ನುವುದು.

ಬೆಂಗಳೂರಿನವರು ದೂರವನ್ನು ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ಎಷ್ಟು ದೂರವೆಂದು ಕೇಳಿದರೆ ಮುಕ್ಕಾಲು ಗಂಟೆ ಎನ್ನುತ್ತಾರೆ, ಮಳೆ ಬಂದರೆ ಹೇಳಲಿಕ್ಕಾಗದು ಎಂದು ಸೇರಿಸುತ್ತಾರೆ. ಸಂಚಾರದ ವೇಗವನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಂತೆ ಅಲ್ಲಿ 10 ಕಿ.ಮೀ. ಸಾಗಲು ಸರಾಸರಿ 34 ನಿಮಿಷ ಬೇಕು. ಕಚೇರಿ ಬಿಡುವ ಹೊತ್ತಿನಲ್ಲಿ ಇದು ಇನ್ನೂ ಹೆಚ್ಚುತ್ತದೆ. ದಾವಣಗೆರೆಯಲ್ಲಿ ಗಾಂಧಿ ವೃತ್ತದಿಂದ ಯಾವ ದಿಕ್ಕಿಗಾದರೂ 10 ಕಿ.ಮೀ. ಹೋಗಿ ನೋಡಿ, ಊರೇ ಮುಗಿದು ಭದ್ರಾ ನಾಲೆಯ ಗದ್ದೆಯೋ ಅಡಿಕೆ ತೋಟವೋ ಸಿಗುತ್ತದೆ. ನಾವು ಚಿಕ್ಕವರಿದ್ದಾಗ ಅಶೋಕ ರಸ್ತೆಯ ರೈಲ್ವೆ ಗೇಟು ಹಾಕಿದಾಗ ಕಾಯುವುದೇ ಈ ಊರಿನ ಅತಿ ದೊಡ್ಡ ಸಂಚಾರ ದಟ್ಟಣೆಯಾಗಿತ್ತು. ಸೈಕಲ್ ಇಳಿದು, ಗೂಡ್ಸ್ ರೈಲಿನ ಡಬ್ಬಿಗಳನ್ನು ಎಣಿಸುತ್ತ ನಿಂತು, ಅದರಲ್ಲೂ ಇಬ್ಬರು ಪರಿಚಯದವರ ಜೊತೆ ಮಾತು ಮುಗಿಸಿ ಮುಂದೆ ಹೋಗುತ್ತಿದ್ದೆವು.

ಬೆಂಗಳೂರಿನಲ್ಲಿ ನಾನು ಮನೆ ಸೇರುವಾಗ ಎಂಟೂಕಾಲು. ಮಗಳು ಆಗಲೇ ಊಟ ಮಾಡಿ, ತೂಕಡಿಸುತ್ತ ನನಗಾಗಿ ಕುಳಿತಿರುತ್ತಿದ್ದಳು. ದಿನದ ಬಿಡುವು ಎಂದು ನನಗೆ ಸಿಗುತ್ತಿದ್ದ ಗಂಟೆ ರಾತ್ರಿ ಹತ್ತರಿಂದ ಹನ್ನೊಂದರದು. ಆ ಹೊತ್ತಿನಲ್ಲಿ ಮೊಬೈಲ್ ನೋಡುವುದನ್ನು ಬಿಟ್ಟು ಬೇರೇನು ಮಾಡಲು ಸಾಧ್ಯವಿತ್ತೋ ನನಗೆ ತಿಳಿಯದು. ದಾವಣಗೆರೆಯಲ್ಲಿ ಆರೂವರೆಗೆ ಮನೆ ಸೇರುತ್ತೇನೆ. ಆಮೇಲೆ ಮಗಳ ಪಾಠ ಆಗುತ್ತದೆ, ಮಾರುಕಟ್ಟೆಯಿಂದ ಸೊಪ್ಪು ಬರುತ್ತದೆ, ಗುರುವಾರವಾದರೆ ಅತ್ತೆಯವರನ್ನು ಗುಡಿಗೆ ಕರೆದೊಯ್ಯಲಾಗುತ್ತದೆ, ಮನಸ್ಸು ಬಂದರೆ ಗಾಡಿಯ ಮುಂದೆ ನಿಂತು ಮಂಡಕ್ಕಿ ಮೆಣಸಿನಕಾಯಿ ತಿಂದು ಕುಂದವಾಡ ಕೆರೆಯ ಏರಿಯ ಮೇಲೆ ಒಂದು ಸುತ್ತು ಹಾಕಿ ಬರಲೂ ಹೊತ್ತಿರುತ್ತದೆ. ಇಲ್ಲಿಯ ಬೆಣ್ಣೆ ದೋಸೆ ಇಂದು ಬೆಂಗಳೂರಿನ ಪ್ರತಿ ಬಡಾವಣೆಯ ಫಲಕದ ಮೇಲಿದೆ. ಎಣ್ಣೆಯಲ್ಲಿ ಆಗತಾನೆ ಕರಿದ ಮೆಣಸಿನಕಾಯಿಯನ್ನು ಸಂಜೆಯ ಬೆಳಕಿರುವಾಗಲೇ ತಿನ್ನುವ ಪುರಸೊತ್ತನ್ನು ಯಾವ ಹೋಟೆಲಿನವರೂ ಅಲ್ಲಿಗೆ ಕೊಂಡೊಯ್ದಿಲ್ಲ.

ನನ್ನ ತಂಗಿ ಇದನ್ನು ಒಪ್ಪುವುದಿಲ್ಲ, ಅವಳ ಮಾತಿನಲ್ಲೂ ಹುರುಳಿದೆ. ಮಕ್ಕಳಿಲ್ಲದ, ಓದಿನಲ್ಲೋ ನಾಟಕದಲ್ಲೋ ಸಂಗೀತದಲ್ಲೋ ಆಸಕ್ತಿಯಿರುವ ಇಪ್ಪತ್ತಾರರ ಹುಡುಗಿಗೆ ಆರೂವರೆಗೆ ಮನೆ ಸೇರುವುದು ವರವೇನಲ್ಲ. ದಾವಣಗೆರೆಯಲ್ಲಿ ಆರೂವರೆಗೆ ಮನೆ ಸೇರಿದ ಹುಡುಗಿಯನ್ನು ಏಳಕ್ಕೆ ಮತ್ತೆ ಹೊರಗೆ ಹೋಗಲು ಬಿಡುವ ಮನೆಗಳು ಕಡಿಮೆ. ಹೋದರೂ ರಾತ್ರಿ ಒಂಬತ್ತರ ಮೇಲೆ ನಗರ ಸಾರಿಗೆ ಬಸ್ಸು ಸಿಗುವುದು ದುರ್ಲಭ. ಬೆಂಗಳೂರಿನಲ್ಲಿ ಅವಳು ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ ನೋಡಿ, ಮೆಟ್ರೊ ಹಿಡಿದು ಹತ್ತಕ್ಕೆ ಮನೆ ಸೇರಿದರೆ ಕೇಳುವವರಿಲ್ಲ. ಮದುವೆಗೆ ಮೊದಲು ಆ ಊರು ತನಗೆ ಕೊಟ್ಟ ಸಂಜೆಗಳನ್ನು ದಾವಣಗೆರೆ ಎಂದೂ ಕೊಡುತ್ತಿರಲಿಲ್ಲ ಎನ್ನುತ್ತಾಳೆ. ಹಾಗಾಗಿ ಸಂಜೆಯ ಲೆಕ್ಕವನ್ನು ನಿಮ್ಮ ವಯಸ್ಸಿಗೂ ಮನೆಯಲ್ಲಿ ನಿಮಗಾಗಿ ಕಾಯುವವರ ವಯಸ್ಸಿಗೂ ಹೊಂದಿಸಿ ಹಾಕಬೇಕು.

ಯಾರ ಪೈಕಿ?

ದಾವಣಗೆರೆಯಲ್ಲಿ ಮನೆ ಕೇಳಲು ಹೋದಾಗ ಬಾಡಿಗೆಯ ಮಾತಿಗೆ ಮೊದಲು ಬರುವ ಪ್ರಶ್ನೆ ‘ಯಾವ ಊರು, ಯಾರ ಪೈಕಿ?’ ಎನ್ನುವುದು. ಉತ್ತರ ಸರಿಹೊಂದಿದರೆ ಅಡ್ವಾನ್ಸ್ ಅರ್ಧಕ್ಕೆ ಇಳಿಯುತ್ತದೆ, ಹಾಲಿನವನ ಪರಿಚಯವಾಗುತ್ತದೆ, ಸಂಜೆಗೆ ಮನೆಯೊಡತಿ ಪಲ್ಯದ ಬಟ್ಟಲು ಹಿಡಿದು ಬರುತ್ತಾರೆ. ಸರಿಹೊಂದದಿದ್ದರೆ ಮನೆ ಆಗಲೇ ಬೇರೆಯವರಿಗೆ ಕೊಟ್ಟಾಯಿತು ಎಂಬ ಉತ್ತರ, ಆದರೆ ಬಾಗಿಲ ಮೇಲಿನ ಫಲಕ ಇನ್ನೂ ಒಂದು ತಿಂಗಳು ಹಾಗೆಯೇ ಇರುತ್ತದೆ. ಬೆಂಗಳೂರಿನಲ್ಲಿ ಇದೇ ಪ್ರಶ್ನೆ ‘ವೆಜ್ಜಾ, ನಾನ್‌ವೆಜ್ಜಾ?’ ಎಂಬ ವೇಷದಲ್ಲಿ ಬರುತ್ತದೆ. ಅಲ್ಲಿ ಜಾತಿಯಿಲ್ಲ ಎನ್ನುವವರ ಮಾತನ್ನು ನಂಬಬೇಡಿ. ಆದರೆ ಒಬ್ಬರು ಇಲ್ಲವೆಂದರೆ ಮುಂದಿನ ಕ್ರಾಸಿನಲ್ಲಿ ಇನ್ನೊಬ್ಬರಿದ್ದಾರೆ, ಮಾಲೀಕರ ಮುಖವನ್ನೇ ನೋಡದೆ ಸಹಿ ಹಾಕಬಹುದಾದ ಅಪಾರ್ಟ್‌ಮೆಂಟುಗಳೂ ಇವೆ. ಅಂತರ್ಜಾತಿ ಮದುವೆಯಾದವರು, ಒಂಟಿಯಾಗಿ ಬದುಕುವ ಹೆಂಗಸರು, ಮನೆಯವರ ಇಷ್ಟಕ್ಕೆ ವಿರುದ್ಧವಾದ ಕಸುಬು ಹಿಡಿದವರು ಊರಿಗಿಂತ ಬೆಂಗಳೂರನ್ನೇ ಆರಿಸಿಕೊಂಡರೆ ಅದನ್ನು ದುಡ್ಡಿನ ಆಸೆ ಎನ್ನಲಾಗದು.

ಇದರ ಇನ್ನೊಂದು ಮಗ್ಗುಲನ್ನೂ ನಾನು ಕಂಡಿದ್ದೇನೆ. ಬೆಂಗಳೂರಿನ ನಮ್ಮ ಕಟ್ಟಡದಲ್ಲಿ ಎಂಟು ಮನೆಗಳಿದ್ದವು. ಆರು ವರ್ಷದಲ್ಲಿ ನನಗೆ ಹೆಸರು ಗೊತ್ತಾದದ್ದು ಮೂರು ಮನೆಯವರದು. ನನ್ನ ಗಂಡನಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗ ಎದುರು ಮನೆಯವರಿಗೆ ತಿಳಿದದ್ದು ಅವರು ಗುಣವಾಗಿ ಬಂದ ಮೇಲೆ. ದಾವಣಗೆರೆಯಲ್ಲಿ ಅತ್ತೆಯವರು ಜಾರಿ ಬಿದ್ದ ದಿನ ಆಟೊ ಬರುವ ಮೊದಲೇ ನಾಲ್ಕು ಮನೆಯವರು ಅಂಗಳದಲ್ಲಿದ್ದರು. ಅವರಲ್ಲಿ ಇಬ್ಬರು ನನ್ನ ಸೀರೆಯ ಬಗ್ಗೆಯೂ ನಾನು ಮನೆ ಬಿಟ್ಟು ಹೊರಡುವ ಹೊತ್ತಿನ ಬಗ್ಗೆಯೂ ಹಿಂದೆ ಆಡಿಕೊಂಡವರೇ. ಎರಡೂ ಒಂದೇ ಮಂದಿಯಿಂದ ಬರುತ್ತದೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಮರಳಿಸಲು ಆಗುವುದಿಲ್ಲ.

ವಿಳಾಸ ಹೇಳುವ ರೀತಿಯಲ್ಲೂ ಈ ವ್ಯತ್ಯಾಸ ಕಾಣುತ್ತದೆ. ನಮ್ಮ ಎಂ.ಸಿ.ಸಿ. ‘ಬಿ’ ಬ್ಲಾಕಿಗೂ ಬೆಂಗಳೂರಿನಂತೆಯೇ ಮೇನ್, ಕ್ರಾಸ್‌ಗಳ ಸಂಖ್ಯೆಗಳಿವೆ. ಆದರೆ ಇಲ್ಲಿ ಯಾರೂ ಸಂಖ್ಯೆ ಹೇಳುವುದಿಲ್ಲ. ಮಾಮಾಸ್ ಜಾಯಿಂಟ್ ರಸ್ತೆ ಎನ್ನುತ್ತಾರೆ, ಗುಂಡಿ ವೃತ್ತದ ಹತ್ತಿರ ಎನ್ನುತ್ತಾರೆ, ಮುಂದೆ ಯಾರ ಮನೆಯ ಪಕ್ಕ ಎಂದು ವಿವರಿಸುತ್ತಾರೆ. ಬೆಂಗಳೂರಿನಲ್ಲಿ ಲೊಕೇಶನ್ ಕಳಿಸಿ ಎಂದಷ್ಟೇ ಹೇಳುತ್ತಾರೆ.

ನೀರು ಮತ್ತು ಬಿಸಿಲು

ಬೆಂಗಳೂರಿನ ನೀರು ಸುಮಾರು 100 ಕಿ.ಮೀ. ದೂರದ ಕಾವೇರಿಯಿಂದ ಎತ್ತರಕ್ಕೆ ಪಂಪ್ ಆಗಿ ಬರುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತದ್ದನ್ನು ಎಲ್ಲರೂ ಬಲ್ಲರು. ಅದೇ ವರ್ಷದ ಅಕ್ಟೋಬರಿನಲ್ಲಿ ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ಮನೆ ನೋಡುವಾಗ ಕಾವೇರಿ ನೀರು ಬರುತ್ತದೆಯೇ ಎಂದು ಕೇಳಿದರೆ ಸಾಲದು, ವಾರದ ಯಾವ ದಿನ, ಎಷ್ಟು ಗಂಟೆ ಬರುತ್ತದೆ, ಸಂಪು ಎಷ್ಟು ಲೀಟರಿನದು, ಟ್ಯಾಂಕರಿನ ಖರ್ಚನ್ನು ಬಾಡಿಗೆದಾರರ ಮೇಲೆ ಹಂಚುತ್ತಾರೆಯೇ ಎಂದೂ ಕೇಳಬೇಕು. ಈ ಉತ್ತರವನ್ನು ಮಾಲೀಕರಿಗಿಂತ ಕೆಳಗಿನ ಮನೆಯ ಬಾಡಿಗೆದಾರರೇ ಸರಿಯಾಗಿ ಕೊಡುತ್ತಾರೆ.

ದಾವಣಗೆರೆಯವರು ಈ ವಿಷಯದಲ್ಲಿ ಬೀಗುವಂತಿಲ್ಲ. ತುಂಗಭದ್ರೆ ಹರಿಹರದಲ್ಲಿ ಹತ್ತಿರವೇ ಹರಿಯುತ್ತಾಳೆ, ಭದ್ರಾ ನಾಲೆಯಿಂದ ಕುಂದವಾಡ ಕೆರೆಯೂ ಟಿ.ವಿ. ಸ್ಟೇಷನ್ ಕೆರೆಯೂ ತುಂಬುತ್ತವೆ. ಆದರೂ ನಾಲೆ ನಿಂತು ನದಿ ಸೊರಗಿದ ಬೇಸಿಗೆಯಲ್ಲಿ ನಲ್ಲಿ ನೀರಿಗೆ ದಿನಗಟ್ಟಲೆ ಕಾಯಬೇಕಾದ ಬಡಾವಣೆಗಳನ್ನು ನಾನು ಕಂಡಿದ್ದೇನೆ. ಚಿತ್ರದುರ್ಗದವರಂತೂ ನೀರಿನ ಬೆಲೆಯನ್ನು ನಮಗಿಂತ ಚೆನ್ನಾಗಿ ಬಲ್ಲರು: ಆ ಜಿಲ್ಲೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇನ್ನು ಬಿಸಿಲಿನ ವಿಷಯ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ದಾವಣಗೆರೆ ಸುಮಾರು 600 ಮೀಟರಿನಲ್ಲಿದೆ. ಏಪ್ರಿಲ್ ತಿಂಗಳ ರಾತ್ರಿ ತಾರಸಿಯ ಕೆಳಗಿನ ಕೋಣೆಯಲ್ಲಿ ಮಲಗಿದರೆ ಈ 300 ಮೀಟರಿನ ವ್ಯತ್ಯಾಸ ಯಾರಿಗಾದರೂ ಅರ್ಥವಾಗುತ್ತದೆ. ಹವೆಯೊಂದನ್ನೇ ನೋಡಿ ಆರಿಸುವುದಾದರೆ ಬೆಂಗಳೂರಿಗೆ ಎದುರಿಲ್ಲ.

ಎರಡೂ ಬೇಕೆನ್ನುವವರಿಗೆ

ಮನೆಯ ಹಿರಿಯರೆಲ್ಲ ಕೊಡುವ ಸಲಹೆ ಒಂದಿದೆ: ಹೆಂಡತಿ ಮಕ್ಕಳು ಊರಿನಲ್ಲಿರಲಿ, ನೀನು ಅಲ್ಲಿ ಒಂದು ಕೋಣೆ ಹಿಡಿದು ಶನಿವಾರ ಭಾನುವಾರ ಬಂದು ಹೋಗು, ಎಷ್ಟು ಮಹಾ ದೂರ! ಕೇಳಲು ಜಾಣತನದ ಮಾತಿನಂತಿರುವ ಈ ಏರ್ಪಾಟನ್ನೇ ನಾನು ಮೂರರಲ್ಲಿ ಅತಿ ದುಬಾರಿಯದೆಂದು ಎಣಿಸುತ್ತೇನೆ.

ದಾವಣಗೆರೆ ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 260 ಕಿ.ಮೀ. ದೂರದಲ್ಲಿದೆ. ಇದು ದಿನವೂ ಓಡಾಡಲು ತೀರ ದೂರ, ಮಲಗಿ ಪಯಣಿಸಲು ತೀರ ಹತ್ತಿರ. ನಮ್ಮ ಭಾವನವರು ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿದರೆ, ನಿದ್ದೆ ಆಳಕ್ಕೆ ಇಳಿಯುವ ಹೊತ್ತಿಗೆ ಸರಿಯಾಗಿ, ನಸುಕಿನ ನಾಲ್ಕಕ್ಕೆ, ಕಂಡಕ್ಟರು ‘ದಾವಣಗೆರೆ, ದಾವಣಗೆರೆ’ ಎಂದು ಎಬ್ಬಿಸುತ್ತಿದ್ದರು. ಶನಿವಾರ ಬೆಳಿಗ್ಗೆ ಹತ್ತರವರೆಗೆ ನಿದ್ದೆ. ಭಾನುವಾರ ಸಂಜೆ ಆರಕ್ಕೇ ಹೊರಡುವ ಗಡಿಬಿಡಿ. ಮಕ್ಕಳ ಪಾಲಿಗೆ ಅಪ್ಪನೆಂದರೆ ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ಇರುವ ನೆಂಟ. ವರ್ಷಕ್ಕೆ 48 ವಾರ, ವಾರಕ್ಕೆ ಹತ್ತು ಗಂಟೆ ಎಂದರೆ 480 ಗಂಟೆ. ಹಗಲು ರಾತ್ರಿ ಸೇರಿ 20 ಇಡೀ ದಿನಗಳನ್ನು ಅವರು ಪ್ರತಿ ವರ್ಷ ಹೆದ್ದಾರಿಯ ಮೇಲೆ ಕಳೆದರು. ಎರಡು ಬಾಡಿಗೆ, ಎರಡು ಗ್ಯಾಸ್ ಸಂಪರ್ಕ, ಎರಡು ಕಡೆಯ ದಿನಸಿ ಬೇರೆ. ಯುಗಾದಿ, ದೀಪಾವಳಿಗಳಲ್ಲಿ ಖಾಸಗಿ ಬಸ್ಸಿನ ದರ ಎಲ್ಲಿಗೆ ಏರುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ.

ರೈಲಿದೆಯಲ್ಲ ಎನ್ನಬಹುದು. ಜನಶತಾಬ್ದಿಯೂ, 2023ರ ಜೂನ್‌ನಲ್ಲಿ ಆರಂಭವಾದ ಧಾರವಾಡದ ವಂದೇ ಭಾರತ್ ರೈಲೂ ದಾವಣಗೆರೆಯಲ್ಲಿ ನಿಲ್ಲುತ್ತವೆ, ನಾಲ್ಕು ಗಂಟೆಯ ಆಸುಪಾಸಿನಲ್ಲಿ ತಲುಪಿಸುತ್ತವೆ. ಆದರೆ ಎರಡೂ ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಮಧ್ಯಾಹ್ನದ ಮೇಲೆ ಹಿಂದಿರುಗುವ ರೈಲುಗಳು. ಶುಕ್ರವಾರ ಸಂಜೆ ಕಚೇರಿ ಮುಗಿಸಿ ಊರಿಗೆ ಬರುವವನಿಗೆ ಅವುಗಳಿಂದ ಉಪಯೋಗವಿಲ್ಲ. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡಲು ಅನುಮತಿ ಇರುವವರಿಗೆ ಮಾತ್ರ ಅವು ಹೇಳಿಮಾಡಿಸಿದಂತಿವೆ: ಮಧ್ಯಾಹ್ನ ಇಲ್ಲಿ ಹತ್ತಿ ಸಂಜೆಗೆ ಬೆಂಗಳೂರು ಸೇರಿ, ಎರಡು ದಿನ ಕಚೇರಿಗೆ ಹೋಗಿ, ಮರುದಿನದ ಬೆಳಗಿನ ರೈಲಿಗೆ ಮರಳಬಹುದು. ಆ ಮೂರು ರಾತ್ರಿಗೆ ಕೋಣೆ ಹಿಡಿಯುವುದಕ್ಕಿಂತ ದಿನದ ಲೆಕ್ಕದ ಪಿ.ಜಿ. ಅಗ್ಗ. ಹೆಂಗಸರಿಗೆ ಇನ್ನೊಂದು ಅನುಕೂಲವಿದೆ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಐಷಾರಾಮಿ ಬಸ್ಸು, ಎ.ಸಿ. ಬಸ್ಸು, ಮೆಟ್ರೊಗಳಿಗೆ ಅದು ಅನ್ವಯಿಸುವುದಿಲ್ಲ.

ಚಿತ್ರದುರ್ಗದವರಿಗೆ ಬೆಂಗಳೂರು 200 ಕಿ.ಮೀ., ಎಂದರೆ 60 ಕಿ.ಮೀ. ಹತ್ತಿರ. ಆದರೆ ಹುಬ್ಬಳ್ಳಿಯ ಮುಖ್ಯ ರೈಲು ಮಾರ್ಗ ಆ ಊರಿಗೆ ತಾಗದೆ ಚಿಕ್ಕಜಾಜೂರಿನ ಮೇಲೆ ಹಾದುಹೋಗುವುದರಿಂದ ಅವರು ಬಸ್ಸನ್ನೇ ನೆಚ್ಚಬೇಕು. ರಾತ್ರಿ ಬಸ್ಸು ಊರೊಳಗೆ ಬರುತ್ತದೆಯೋ ಬೈಪಾಸಿನಲ್ಲಿಯೇ ಇಳಿಸುತ್ತದೆಯೋ ಎಂದು ಟಿಕೆಟ್ ಕೊಳ್ಳುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ನಸುಕಿನ ಎರಡೂವರೆಗೆ ಹೆದ್ದಾರಿಯ ಬದಿಯಲ್ಲಿ ಚೀಲ ಹಿಡಿದು ನಿಲ್ಲುವ ಅನುಭವ ನಮ್ಮ ಸೋದರತ್ತೆಯ ಮಗನಿಗೆ ಆಗಿದೆ.

ಆಸ್ಪತ್ರೆ, ಶಾಲೆ

ಇವೆರಡರಲ್ಲಿ ದಾವಣಗೆರೆ ಹೊರಗಿನವರು ಎಣಿಸುವಷ್ಟು ಹಿಂದೆ ಇಲ್ಲ. ಜೆ.ಜೆ.ಎಂ. ವೈದ್ಯಕೀಯ ಕಾಲೇಜು 1965ರದು. ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಸುತ್ತಲಿನ ಜಿಲ್ಲೆಗಳಿಂದಲೂ ಜನ ಬರುತ್ತಾರೆ. ಹೆರಿಗೆ, ಮಕ್ಕಳ ಕಾಯಿಲೆ, ಮೂಳೆ ಮುರಿತಗಳಿಗೆ ಬೆಂಗಳೂರಿಗೆ ಓಡುವ ಅಗತ್ಯವಿಲ್ಲ. ನಿಮ್ಹಾನ್ಸ್, ಕಿದ್ವಾಯಿಯಂಥ ಸಂಸ್ಥೆಗಳ ಚಿಕಿತ್ಸೆ ತಿಂಗಳುಗಟ್ಟಲೆ ಬೇಕಾದವರು ಮನೆಯಲ್ಲಿದ್ದರೆ ಮಾತ್ರ ಬೆಂಗಳೂರಿನಲ್ಲೇ ಇರುವುದು ಲೇಸು. ಶಾಲೆಯ ವಿಷಯದಲ್ಲಿ ನಾನು ಗಮನಿಸಿದ್ದು ಒಂದೇ: ತಂಗಿಯ ಮಗ ಐದು ಭಾಷೆ ಅರ್ಥ ಮಾಡಿಕೊಳ್ಳುತ್ತಾನೆ, ಅಜ್ಜಿಗೆ ಕನ್ನಡದಲ್ಲಿ ಒಂದು ಕತೆ ಹೇಳು ಎಂದರೆ ತಡವರಿಸುತ್ತಾನೆ; ನನ್ನ ಮಗಳು ಎರಡೇ ಭಾಷೆ ಬಲ್ಲಳು, ಕತೆ ಹೇಳಲು ಕುಳಿತರೆ ನಿಲ್ಲಿಸುವುದೇ ಕಷ್ಟ.

ಕೇಳಿದವರಿಗೆ ನಾನು ಹೇಳುವುದು

ಇಪ್ಪತ್ತೆರಡರಿಂದ ಮೂವತ್ತರವರೆಗಿನ, ಮನೆಯಲ್ಲಿ ಆರೋಗ್ಯವಂತ ತಂದೆತಾಯಿಯಿರುವ ಯಾರೇ ಆದರೂ ಬೆಂಗಳೂರಿಗೆ ಹೋಗಲಿ ಎಂದೇ ನನ್ನ ಅಭಿಪ್ರಾಯ. ಹೆಣ್ಣುಮಕ್ಕಳಿಗಂತೂ ಒತ್ತಾಯಪಡಿಸಿ ಹೇಳುತ್ತೇನೆ. ಆದರೆ ಮನೆ ಮಾಡುವಾಗ ಕಚೇರಿಯ ಬಳಿಯೇ ನೋಡಿ. ನಮ್ಮ ಕಡೆಯವರು ಊರಿನ ಬಸ್ಸು ಸುಲಭವಾಗಿ ಸಿಗುತ್ತದೆಂದು ದಾಸರಹಳ್ಳಿ, ಯಶವಂತಪುರ, ರಾಜಾಜಿನಗರಗಳಲ್ಲಿ ನೆಲೆಸಿ, ನಿತ್ಯ ವೈಟ್‌ಫೀಲ್ಡ್‌ಗೆ ಓಡಾಡುವುದನ್ನು ಕಂಡಿದ್ದೇನೆ. ತಿಂಗಳಿಗೊಮ್ಮೆ ಬಳಸುವ ದಾರಿಗಾಗಿ ದಿನಕ್ಕೆರಡು ಬಾರಿ ಬಳಸುವ ದಾರಿಯನ್ನು ಉದ್ದ ಮಾಡಿಕೊಳ್ಳುವುದು ಯಾವ ಲೆಕ್ಕದಲ್ಲೂ ಸರಿಹೋಗುವುದಿಲ್ಲ. ಮೆಟ್ರೊ ಇದೆಯೆಂದು ಧೈರ್ಯ ಮಾಡುವವರು ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಕಚೇರಿಗೆ ತಗಲುವ ಹೊತ್ತನ್ನೂ ಹಣವನ್ನೂ ಸೇರಿಸಿಕೊಳ್ಳಬೇಕು. 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ಗರಿಷ್ಠ ಟಿಕೆಟ್ಟೇ 90 ರೂಪಾಯಿಯಾಯಿತು.

ಶಾಲೆಗೆ ಹೋಗುವ ಮಕ್ಕಳೋ ಎಪ್ಪತ್ತು ದಾಟಿದ ಹಿರಿಯರೋ ಮನೆಯಲ್ಲಿದ್ದು, ಕಸುಬು ಇಲ್ಲಿ ನಡೆಯುವಂಥದ್ದಾದರೆ ದಾವಣಗೆರೆಯೇ ಆಗಲಿ. ಆದರೆ ಬರುವ ಮೊದಲು ಆರು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡು ಬನ್ನಿ, ಏಕೆಂದರೆ ಇಲ್ಲಿ ಕೆಲಸ ಸಿಗುವುದು ಅರ್ಜಿಯಿಂದಲ್ಲ, ಪರಿಚಯದಿಂದ. ಹನ್ನೊಂದು ವರ್ಷ ಊರು ಬಿಟ್ಟವರ ಪರಿಚಯ ಸವೆದಿರುತ್ತದೆ. ನನಗೆ ಮೊದಲ ನಾಲ್ಕು ತಿಂಗಳು ಸಿಕ್ಕಿದ್ದು ಒಂದು ಕಿರಾಣಿ ಅಂಗಡಿಯ ಲೆಕ್ಕ ಮಾತ್ರ. ವಾರದ ಓಡಾಟವನ್ನು, ಇನ್ನು ಒಂದೂವರೆ ವರ್ಷದಲ್ಲಿ ವರ್ಗವಾಗುತ್ತದೆ ಅಥವಾ ಮಗ ಹತ್ತನೇ ತರಗತಿ ಮುಗಿಸುತ್ತಾನೆ ಎಂಬಂಥ ಖಚಿತವಾದ ಕೊನೆಯಿದ್ದರೆ ಮಾತ್ರ ಒಪ್ಪಿಕೊಳ್ಳಿ. ‘ನೋಡೋಣ’ ಎಂದು ಆರಂಭಿಸಿದವರೇ ನಮ್ಮ ಭಾವನವರು.

ಯಾವುದನ್ನು ಆರಿಸುವುದಾದರೂ ಅಡ್ವಾನ್ಸ್ ಕೊಡುವ ಮೊದಲು ಎರಡು ಪರೀಕ್ಷೆ ಮಾಡಿ. ಬೆಂಗಳೂರಿನ ಮನೆಯಾದರೆ ಸೋಮವಾರ ಬೆಳಿಗ್ಗೆ ಎಂಟೂವರೆಗೆ ಆ ಮನೆಯ ಬಾಗಿಲಿನಿಂದ ಹೊರಟು ಕಚೇರಿಯ ಬಾಗಿಲು ಮುಟ್ಟುವವರೆಗೆ ಗಡಿಯಾರ ನೋಡಿ. ಭಾನುವಾರ ಮನೆ ತೋರಿಸುವ ದಲ್ಲಾಳಿ ಹೇಳುವ ಇಪ್ಪತ್ತು ನಿಮಿಷವನ್ನು ಬರೆದುಕೊಳ್ಳಬೇಡಿ. ದಾವಣಗೆರೆಯ ಮನೆಯಾದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರಕ್ಕೆ ಹೋಗಿ, ಮೇಲಿನ ಕೋಣೆಯಲ್ಲಿ ಹತ್ತು ನಿಮಿಷ ಕುಳಿತು, ನಲ್ಲಿ ತಿರುಗಿಸಿ ನೋಡಿ. ಕಳೆದ ವರ್ಷ ಹೀಗೆ ಗಡಿಯಾರ ನೋಡಿದ ನಮ್ಮ ಪಕ್ಕದ ಮನೆಯ ಹುಡುಗ ದಾಸರಹಳ್ಳಿಯ ದೊಡ್ಡ ಕೋಣೆಯನ್ನು ಬಿಟ್ಟು, ಕಚೇರಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ, ಎರಡು ಸಾವಿರ ಹೆಚ್ಚು ಬಾಡಿಗೆಯ ಸಣ್ಣ ಕೋಣೆ ಹಿಡಿದ. ಊರಿಗೆ ಬರುವಾಗ ಮೆಜೆಸ್ಟಿಕ್ ತಲುಪಲು ಒಂದೂವರೆ ಗಂಟೆಯಾಗುತ್ತದೆಂದು ಅವನ ತಾಯಿ ಈಗಲೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ.